ಹೌಸಿಂಗ್ ಬಿಚ್ಚಿ ಕಟ್ಟಿದ ಮೇಲೆ ಗಾಡಿ ಯಾಕೆ ಗುಂಯ್‌ಗುಡುತ್ತದೆ?

"ಸೆಟ್ ಆಗ್ತೈತಿ ಬಿಡ್ರಿ. ಒಂದ್ ಸಾವಿರ ಕಿಲೋಮೀಟರ್ ಓಡಸ್ರಿ, ತಾನಾಗೇ ಸುಮ್ಮನಾಗ್ತೈತಿ."

ವಿಜಯಪುರದಲ್ಲಿ ನಮ್ಮ ಹಳೆಯ ಡೀಸೆಲ್ ಜೀಪಿನ ಹಿಂದಿನ ಹೌಸಿಂಗ್ (ಹಿಂದಿನ ಎರಡು ಚಕ್ರಗಳ ನಡುವಿನ ಗೇರುಗಳ ಗೂಡು, ಡಿಫರೆನ್ಷಿಯಲ್) ಬಿಚ್ಚಿ, ಬೇರಿಂಗು, ಆಯಿಲ್ ಸೀಲು ಎಲ್ಲ ಹೊಸದು ಹಾಕಿ ಕಟ್ಟಿಕೊಟ್ಟ ಮಿಸ್ತ್ರಿ ಹೇಳಿದ ಮಾತಿದು. ಬಿಚ್ಚುವ ಮೊದಲು ಗಾಡಿಗೆ ಇದ್ದ ರೋಗ ಎರಡೇ: ಪಿನಿಯನ್ ಸೀಲಿನಿಂದ ಎಣ್ಣೆ ಸೋರುತ್ತಿತ್ತು, ಬೇರಿಂಗು ಸಣ್ಣಗೆ ಗರಗರ ಎನ್ನುತ್ತಿತ್ತು. ಕಟ್ಟಿದ ಮೇಲೆ ಎಣ್ಣೆಯೂ ನಿಂತಿತು, ಗರಗರವೂ ಹೋಯಿತು. ಆದರೆ ವೇಗ 45 ದಾಟಿದ ಕೂಡಲೇ ಹಿಂದಿನ ಸೀಟಿನ ಕೆಳಗಿಂದ ಉದ್ದಕ್ಕೆ ಒಂದು ಗುಂಯ್ ಏಳತೊಡಗಿತು. ಇಂಡಿಯಿಂದ ನಿಂಬೆಹಣ್ಣಿನ ಚೀಲ ಹೇರಿಕೊಂಡು ಬರುವಾಗ ಇನ್ನೂ ಜೋರು. ಮಿಸ್ತ್ರಿಯ ಮಾತು ನಂಬಿ 600 ಕಿಲೋಮೀಟರ್ ಓಡಿಸಿದೆ. ಸುಮ್ಮನಾಗಲಿಲ್ಲ.

ಹೊಸ ಗೇರುಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಎನ್ನುವುದು ಸುಳ್ಳಲ್ಲ. ಆದರೆ ಕೂಡಬೇಕಾದ ಜಾಗದಲ್ಲಿ ಕೂಡದ ಗೇರು ಓಡಿಸಿದಷ್ಟೂ ಸವೆಯುತ್ತದೆಯೇ ಹೊರತು ಸರಿಹೋಗುವುದಿಲ್ಲ. ಹೀಗಾಗಿ ಬಿಚ್ಚಿ ಕಟ್ಟಿದ ಮೇಲೆ ಹುಟ್ಟಿದ ದನಿಗೆ ಕೇಳಬೇಕಾದ ಮೊದಲ ಪ್ರಶ್ನೆ "ಏನು ಸವೆದಿದೆ?" ಎಂದಲ್ಲ, "ಏನು ಜಾಗ ಬಿಟ್ಟಿದೆ?" ಎಂದು. ಅದಕ್ಕೆ ಉತ್ತರ ಹುಡುಕಲು ಪಾನಾ ಹಿಡಿಯುವ ಮೊದಲು ಒಂದು ದಿನ ಕಿವಿಗೆ ಕೆಲಸ ಕೊಡಬೇಕು.

ಹೌಸಿಂಗಿನ ಒಳಗೆ ನಡೆಯುವ ಕೆಲಸ ಎರಡು. ಒಂದು, ಸುತ್ತನ್ನು ಹೊರಳಿಸುವುದು. ಜಾಯಿಂಟ್ ಶಾಫ್ಟ್ ಗಾಡಿಯ ಉದ್ದಕ್ಕೆ ತಿರುಗುತ್ತ ಬರುತ್ತದೆ. ಅದರ ತುದಿಯ ಸಣ್ಣ ಗೇರು ಪಿನಿಯನ್, ದೊಡ್ಡ ಗೇರು ಕ್ರೌನನ್ನು ತಿರುಗಿಸಿ, ಆ ಸುತ್ತನ್ನು ಅಡ್ಡಕ್ಕೆ ಚಕ್ರಗಳ ಕಡೆ ಕಳಿಸುತ್ತದೆ. ಇನ್ನೊಂದು, ಹಂಚುವುದು. ಕ್ರೌನಿಗೆ ಬೋಲ್ಟ್ ಮಾಡಿದ ಡಬ್ಬಿಯೊಳಗಿನ ಸ್ಟಾರ್ ಗೇರು, ಸನ್ ಗೇರುಗಳು ಗಾಡಿ ಹೊರಳುವಾಗ ಹೊರಗಿನ ಚಕ್ರಕ್ಕೆ ಹೆಚ್ಚು ಸುತ್ತು, ಒಳಗಿನದಕ್ಕೆ ಕಡಿಮೆ ಸುತ್ತು ಕೊಡುತ್ತವೆ. ನೇರ ರಸ್ತೆಯಲ್ಲಿ ಸ್ಟಾರ್ ಗೇರುಗಳು ತಮ್ಮ ಅಚ್ಚಿನ ಮೇಲೆ ತಿರುಗುವುದೇ ಇಲ್ಲ, ಡಬ್ಬಿಯ ಜೊತೆಗೆ ಒಂದೇ ಗಂಟಾಗಿ ಸುತ್ತುತ್ತವೆ. ಆದ್ದರಿಂದ ನೇರ ಹೋಗುವಾಗ ಬರುವ ಗುಂಯ್‌ಗೆ ಅವನ್ನು ಬೈದು ಉಪಯೋಗವಿಲ್ಲ. ಗಾಂಧಿ ಚೌಕದಲ್ಲಿ ಹೊರಳುವಾಗ ಮಾತ್ರ ಕಟಕಟ ಎಂದರೆ ಆಗ ಅವುಗಳನ್ನು ವಿಚಾರಿಸಿಕೊಳ್ಳಿ.

ಪಿನಿಯನ್ನು ಕ್ರೌನಿನ ನಟ್ಟನಡುವಿಗೆ ಎದುರಾಗಿ ಕೂಡುವುದಿಲ್ಲ, ತುಸು ಕೆಳಗೆ ಕೂಡುತ್ತದೆ. ಇದಕ್ಕೆ ಹೈಪಾಯ್ಡ್ ಗೇರು ಎನ್ನುತ್ತಾರೆ. 1920ರ ದಶಕದಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ ಬಂದು ಆಮೇಲೆ ಎಲ್ಲ ಕಡೆ ಹಬ್ಬಿದ್ದು. ಇದರಿಂದ ಶಾಫ್ಟ್ ಕೆಳಗಿಳಿಯಿತು, ಹಲ್ಲುಗಳು ದೊಡ್ಡವಾದವು, ದನಿಯೂ ಕಡಿಮೆಯಾಯಿತು. ಆದರೆ ಈ ಹಲ್ಲುಗಳು ಒಂದರ ಮೇಲೊಂದು ಬರಿ ಉರುಳುವುದಿಲ್ಲ, ಕುಡಗೋಲನ್ನು ಸಾಣೆಕಲ್ಲಿನ ಮೇಲೆ ಎಳೆದಂತೆ ಉದ್ದಕ್ಕೆ ಜಾರುತ್ತವೆ. ಹಾಗಾಗಿಯೇ ಇಂಥ ಹೌಸಿಂಗಿಗೆ ಜಿಎಲ್-5 ದರ್ಜೆಯ ಎಣ್ಣೆಯೇ ಬೇಕು. ಗೇರ್‌ಬಾಕ್ಸಿಗೆ ತಂದು ಉಳಿದ ಜಿಎಲ್-4 ಸುರಿದರೆ ಆ ಜಾರುವ ಒತ್ತಡಕ್ಕೆ ಎಣ್ಣೆಯ ಪದರ ನಿಲ್ಲುವುದಿಲ್ಲ. ಇನ್ನು ಕಟ್ಟಿದ ಮೇಲೆ ಎಣ್ಣೆ ಸರಿಯಾಗಿ ತುಂಬಿದ್ದಾರೆಯೇ? ಸಪಾಟು ನೆಲದ ಮೇಲೆ ಗಾಡಿ ನಿಲ್ಲಿಸಿ, ಪಕ್ಕದ ಫಿಲ್ಲರ್ ಬೋಲ್ಟ್ ಬಿಚ್ಚಿ, ಬೆರಳು ತೂರಿಸಿ ನೋಡಿ. ಬಹಳಷ್ಟು ಗಾಡಿಗಳಲ್ಲಿ ಎಣ್ಣೆ ಆ ತೂತಿನ ಕೆಳ ಅಂಚಿಗೆ ತಾಗಿರಬೇಕು. ನಗಬೇಡಿ, ಎಣ್ಣೆ ಕಡಿಮೆಯಿದ್ದದ್ದಕ್ಕೇ ಹೌಸಿಂಗ್ ಎರಡನೆಯ ಸಲ ಬಿಚ್ಚಿಸಿಕೊಂಡವರನ್ನು ನಾನು ಬಲ್ಲೆ.

ಈಗ ಕಿವಿಯ ಕೆಲಸ. ನಮ್ಮ ಜೀಪಿನ ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 9. ಟೈರು 215/75 ಆರ್15. ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ. 60ರ ವೇಗ ಎಂದರೆ ಸೆಕೆಂಡಿಗೆ 16.7 ಮೀಟರ್, ಅಂದರೆ ಚಕ್ರ ಸೆಕೆಂಡಿಗೆ ಏಳೂವರೆ ಸುತ್ತು. ಪ್ರತಿ ಸುತ್ತಿಗೆ 41 ಹಲ್ಲು ಬಂದು ಬಡಿಯುತ್ತವೆ. ಗುಣಿಸಿದರೆ ಸೆಕೆಂಡಿಗೆ ಸುಮಾರು 309 ಸಲ. ಹಾರ್ಮೋನಿಯಂ ನುಡಿಸುವವರಿಗೆ ಇದರ ಗುರುತು ಬೇಗ ಹತ್ತುತ್ತದೆ: ನಡು ಸಪ್ತಕದ ಕಪ್ಪು ಎರಡು, ಅಂದರೆ ಎರಡನೆಯ ಕಪ್ಪು ಮನೆ, ಸುಮಾರು 311 ಹರ್ಟ್ಜ್. ಗುಂಯ್ ನಿಜವಾಗಿ ಕ್ರೌನ್-ಪಿನಿಯನ್ನಿನದೇ ಆಗಿದ್ದರೆ 60ರಲ್ಲಿ ಅದು ಕಪ್ಪು ಎರಡರ ಪಕ್ಕದಲ್ಲೇ ಇರಬೇಕು. ಅದನ್ನೇ ಷಡ್ಜ ಎಂದು ಹಿಡಿದು ವೇಗ 45ಕ್ಕೆ ಇಳಿಸಿದರೆ ಮಂದ್ರ ಪಂಚಮ ಸಿಗುತ್ತದೆ, 80ಕ್ಕೆ ಏರಿಸಿದರೆ ಶುದ್ಧ ಮಧ್ಯಮ, 90ಕ್ಕೆ ಪಂಚಮ. ಭಜನಾ ಮೇಳದಲ್ಲಿ ಪೆಟಿಗೆ ಹಿಡಿಯುವ ನನ್ನ ತಮ್ಮ ಪಕ್ಕದ ಸೀಟಿನಲ್ಲಿ ಕೂತು ಫೋನಿನ ಹಾರ್ಮೋನಿಯಂ ಒತ್ತುತ್ತ ಹೊರ್ತಿ ದಾಟುವಷ್ಟರಲ್ಲಿ ತೀರ್ಪು ಕೊಟ್ಟ: "ಅಣ್ಣ, ಕಪ್ಪು ಎರಡರಿಂದ ಕೂದಲಿನಷ್ಟ ಕೆಳಗ." ನಮ್ಮ ಸ್ಪೀಡೋಮೀಟರು ನಿಜಕ್ಕಿಂತ ತುಸು ಹೆಚ್ಚು ತೋರಿಸುವುದೂ ಅದರಿಂದಲೇ ಗೊತ್ತಾಯಿತು. ಕಿವಿ ಮೇಲೆ ಭರವಸೆ ಇಲ್ಲದವರು ದನಿಯ ಹರ್ಟ್ಜ್ ತೋರಿಸುವ ಫೋನ್ ಆ್ಯಪ್ ಬಳಸಬಹುದು, ಲೆಕ್ಕ ಅದೇ.

ಈ ಲೆಕ್ಕದ ದೊಡ್ಡ ಲಾಭ, ಉಳಿದ ಅನುಮಾನಿತರೆಲ್ಲ ತಾವಾಗಿ ಬೇರೆಯಾಗುತ್ತಾರೆ. ಅದೇ 60ರಲ್ಲಿ ಜಾಯಿಂಟ್ ಶಾಫ್ಟ್ ಸೆಕೆಂಡಿಗೆ 34 ಸುತ್ತು ಹೊಡೆಯುತ್ತದೆ. ಬಿಚ್ಚುವಾಗ ಫ್ಲ್ಯಾಂಜಿಗೆ (ಪಿನಿಯನ್ನಿಗೆ ಶಾಫ್ಟನ್ನು ಜೋಡಿಸುವ ತಟ್ಟೆಗೆ) ಗುರುತು ಹಾಕದೆ ಶಾಫ್ಟನ್ನು ತಿರುಗಿಸಿ ಕೂರಿಸಿದ್ದರೆ, ಇಲ್ಲವೇ ಶಾಫ್ಟಿನ ಕೀಲಿನೊಳಗಿನ ಕ್ರಾಸ್ ಸವೆದಿದ್ದರೆ ಬರುವುದು ಆ 34ರದು, ಹೆಚ್ಚೆಂದರೆ ಅದರ ಇಮ್ಮಡಿಯದು. ಅದನ್ನು ಕಿವಿಗಿಂತ ಮೊದಲು ಸೊಂಟ ಕೇಳಿಸಿಕೊಳ್ಳುತ್ತದೆ, ಸೀಟು ನಡುಗುತ್ತದೆ. ಎಂಜಿನ್ನಿನದೋ ಎಂಬ ಅನುಮಾನವಿದ್ದರೆ ಅದೇ 60ರಲ್ಲಿ ಒಮ್ಮೆ ಮೂರನೇ ಗೇರು, ಒಮ್ಮೆ ನಾಲ್ಕನೇ ಗೇರಿನಲ್ಲಿ ಹೋಗಿ. ಎಂಜಿನ್ನಿನ ಸುತ್ತು ಬದಲಾದರೂ ಸ್ವರ ಕದಲದಿದ್ದರೆ ದನಿ ಗೇರ್‌ಬಾಕ್ಸಿನ ಹಿಂದಿನದು. ಟೈರಿನದೋ? ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ದನಿಯ ಬಣ್ಣ ಬದಲಾದರೆ ಟೈರನ್ನು ನೋಡಿ. ಚಕ್ರದ ಬೇರಿಂಗಿನದೋ? ಖಾಲಿ ರಸ್ತೆಯಲ್ಲಿ ಮೆಲ್ಲಗೆ ಎಡಕ್ಕೆ ಬಲಕ್ಕೆ ತೂಗಿ ನೋಡಿ: ಎಡಕ್ಕೆ ಹೊರಳಿದಾಗ ಭಾರ ಬಲಚಕ್ರದ ಮೇಲೆ ಬೀಳುತ್ತದೆ, ಆಗ ದನಿ ಎದ್ದರೆ ಬಲಗಡೆಯ ಬೇರಿಂಗು.

ಎಲ್ಲಿಂದ ಬರುತ್ತಿದೆ ಎಂದು ಕೂತಲ್ಲಿಂದ ಹೇಳಲು ಮಾತ್ರ ಹೋಗಬೇಡಿ. ಗೋಳಗುಮ್ಮಟದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಿಸುಗುಟ್ಟಿದವನು ಒಂದು ಕಡೆ, ಕೇಳಿಸುವುದು ಇನ್ನೊಂದು ಕಡೆ. ಚಾಸಿಯೂ ತಗಡೂ ಹಾಗೆಯೇ ದನಿಯನ್ನು ಹೊತ್ತು ತಿರುಗುತ್ತವೆ.

ಸ್ವರ ವೇಗದ್ದು, ಗಟ್ಟಿತನ ಕಾಲಿನದು. ಕ್ರೌನ್-ಪಿನಿಯನ್ ದನಿಯ ವಿಚಾರದಲ್ಲಿ ಇದಕ್ಕಿಂತ ಮುಖ್ಯವಾದ ಮಾತಿಲ್ಲ. ಪ್ರತಿ ಹಲ್ಲಿಗೂ ಎರಡು ಮೈ. ಆಕ್ಸಲರೇಟರ್ ಒತ್ತಿದಾಗ ಎಂಜಿನ್ ಚಕ್ರವನ್ನು ನೂಕುತ್ತದೆ, ಕ್ರೌನ್ ಹಲ್ಲಿನ ಉಬ್ಬಿದ ಮೈ ಭಾರ ಹೊರುತ್ತದೆ. ಕಾಲು ತೆಗೆದಾಗ ಚಕ್ರವೇ ಎಂಜಿನ್ನನ್ನು ಎಳೆದೊಯ್ಯುತ್ತದೆ, ಆಗ ತಗ್ಗಿದ ಮೈ ಭಾರ ಹೊರುತ್ತದೆ. ಯಾವಾಗ ಕೂಗುತ್ತದೆ ಎಂದು ಗೊತ್ತಾದರೆ ಹಲ್ಲಿನ ಯಾವ ಮೈ ಕೂಗುತ್ತಿದೆ ಎಂದು ಗೊತ್ತಾದಂತೆ.

ಕಾಲು ತೆಗೆದಾಗ ಮಾತ್ರ ಕೂಗಿದರೆ ನನ್ನ ಮೊದಲ ಅನುಮಾನ ಪಿನಿಯನ್ ಬೇರಿಂಗಿನ ಬಿಗಿತದ ಮೇಲೆ. ಗಾಡಿ ಎಳೆಯುವಾಗ ಹಲ್ಲುಗಳ ಓರೆಯಿಂದ ಪಿನಿಯನ್ನು ಕ್ರೌನಿನಿಂದ ದೂರಕ್ಕೆ ನೂಕಿಸಿಕೊಳ್ಳುತ್ತದೆ, ತಲೆಯ ಕಡೆಯ ದೊಡ್ಡ ಬೇರಿಂಗಿಗೆ ಒರಗಿ ಭದ್ರವಾಗಿ ನಿಲ್ಲುತ್ತದೆ. ಕಾಲು ತೆಗೆದ ಕೂಡಲೇ ಅದೇ ಓರೆ ಪಿನಿಯನ್ನನ್ನು ಕ್ರೌನಿನ ಒಳಕ್ಕೆ ಜಗ್ಗುತ್ತದೆ. ಬೇರಿಂಗು ಬಿಗಿಯಾಗಿದ್ದರೆ ಅದು ಕದಲುವುದಿಲ್ಲ. ಸಡಿಲವಿದ್ದರೆ ಕೂದಲಿನಷ್ಟು ಒಳಗೆ ಬಂದು, ಹಲ್ಲು ತಪ್ಪು ಜಾಗದಲ್ಲಿ ಕಚ್ಚಿ ಕೂಗುತ್ತದೆ.

ಈ ಬಿಗಿತ ನಟ್ಟನ್ನು ಎಷ್ಟು ಜೋರಾಗಿ ತಿರುಗಿಸಿದಿರಿ ಎನ್ನುವುದರಿಂದ ಗೊತ್ತಾಗುವುದಿಲ್ಲ. ಬಿಗಿದ ಮೇಲೆ ಪಿನಿಯನ್ನು ತಿರುಗಲು ಎಷ್ಟು ಹಟ ಮಾಡುತ್ತದೆ ಎನ್ನುವುದರಿಂದ ಗೊತ್ತಾಗಬೇಕು. ಹೊಸ ಬೇರಿಂಗಿಗೆ ಬಹಳಷ್ಟು ಗಾಡಿಗಳಲ್ಲಿ ಇದು 1.5ರಿಂದ 3.5 ನ್ಯೂಟನ್ ಮೀಟರ್ ಸುತ್ತಮುತ್ತ, ಓಡಿದ ಬೇರಿಂಗಿಗೆ ಅದರ ಅರ್ಧ. ನಿಖರ ಅಂಕಿಗೆ ಆ ಗಾಡಿಯ ಮ್ಯಾನುವಲ್ಲೇ ಪ್ರಮಾಣ. ಅಳೆಯಲು ದುಬಾರಿ ಹತಾರ ಬೇಕೆಂದಿಲ್ಲ. ಕ್ರೌನ್ ಕೂರಿಸುವ ಮೊದಲು ಪಿನಿಯನ್ ಫ್ಲ್ಯಾಂಜಿಗೆ ಹುರಿ ಸುತ್ತಿ, ನಿಂಬೆ ಚೀಲ ತೂಗುವ ಕೊಕ್ಕೆ ತಕ್ಕಡಿಯಿಂದ ನಿಧಾನಕ್ಕೆ ಎಳೆಯಿರಿ. ಫ್ಲ್ಯಾಂಜಿನ ನಡುವಿನಿಂದ ಹುರಿಗೆ 5 ಸೆಂಟಿಮೀಟರ್ ಇದ್ದು, ತಿರುಗುತ್ತಿರುವಾಗ ತಕ್ಕಡಿ 5 ಕೆ.ಜಿ. ತೋರಿಸಿದರೆ ಅದು ಹೆಚ್ಚುಕಡಿಮೆ 2.5 ನ್ಯೂಟನ್ ಮೀಟರ್. ಎರಡು ಬೇರಿಂಗುಗಳ ನಡುವೆ ಜಜ್ಜಿಕೊಳ್ಳುವ ಸ್ಪೇಸರ್ (ಅಂತರ ಕಾಯುವ ತೆಳು ಕೊಳವೆ) ಇರುವ ಹೌಸಿಂಗಿನಲ್ಲಿ ಒಂದು ಕಡ್ಡಾಯ ಇದೆ: ಬಿಗಿತ ಮಿತಿ ಮೀರಿದರೆ ನಟ್ಟನ್ನು ಹಿಂದಕ್ಕೆ ಬಿಡುವಂತಿಲ್ಲ. ಜಜ್ಜಿದ ಸ್ಪೇಸರ್ ಮತ್ತೆ ಉದ್ದವಾಗುವುದಿಲ್ಲ, ಹೊಸದೇ ಹಾಕಬೇಕು. ಹಳೆಯ ಸ್ಪೇಸರನ್ನೇ ಮತ್ತೆ ಬಳಸಿ "ಕೈ ಅಂದಾಜಿಗೆ" ಬಿಗಿಯುವುದು ನಾನು ಕಂಡಂತೆ ನಮ್ಮ ಕಡೆಯ ಅತಿ ಸಾಮಾನ್ಯ ತಪ್ಪು. ಸ್ಪೇಸರಿನ ಬೆಲೆ ನೋಡಿದರೆ ಈ ಉಳಿತಾಯಕ್ಕೆ ಏನೆನ್ನಬೇಕೋ ತಿಳಿಯದು.

ಗುಂಯ್ ಒಂದೇ ಸಮನೆ ಇರದೆ ವ್ಹೂಂ-ವ್ಹೂಂ ಎಂದು ಏರಿಳಿದರೆ ಕ್ರೌನು ಓರೆ ಕೂತಿರಬಹುದು. ಕ್ರೌನಿಗೂ ಡಬ್ಬಿಗೂ ನಡುವೆ ಒಂದು ಕಣ ಕಸ ಸಿಕ್ಕಿಕೊಂಡರೆ ಸಾಕು. ಮೆಲ್ಲಗೆ 16ರ ವೇಗದಲ್ಲಿ ಹೋದರೆ ಚಕ್ರ ಸೆಕೆಂಡಿಗೆ ಎರಡು ಸುತ್ತು. ಏರಿಳಿತವೂ ಸೆಕೆಂಡಿಗೆ ಎರಡಿದ್ದರೆ ಅನುಮಾನ ಗಟ್ಟಿ.

ನಮ್ಮ ಜೀಪು ಎಳೆಯುವಾಗ ಜೋರಾಗಿ, ಕಾಲು ತೆಗೆದಾಗ ಸಣ್ಣಗೆ, ಎರಡೂ ಹೊತ್ತಿನಲ್ಲಿ ಕೂಗುತ್ತಿತ್ತು. ಏರಿಳಿತ ಇರಲಿಲ್ಲ. ಅಂದರೆ ಹಲ್ಲಿನ ಎರಡೂ ಮೈ ತಪ್ಪು ಜಾಗದಲ್ಲಿ ಕಚ್ಚುತ್ತಿದ್ದವು. ಇನ್ನು ಬಿಚ್ಚದೆ ಉಪಾಯವಿರಲಿಲ್ಲ.

ಈ ಸಲ ಒಯ್ದದ್ದು ಸೋಲಾಪುರ ರಸ್ತೆಯ ಇನ್ನೊಬ್ಬ ಹಿರಿಯ ಮಿಸ್ತ್ರಿಯ ಹತ್ತಿರ. ಅವರು ಗಾಡಿ ನೋಡುವ ಮೊದಲೇ ಕೇಳಿದರು: "ಹಳೇ ಸಾಮಾನ ಎಲ್ಲಿ ಅದಾವು?" ಬದಲಿಸಿದ ಸಾಮಾನನ್ನೆಲ್ಲ ಎಣ್ಣೆ ಡಬ್ಬಿಯಲ್ಲಿ ಹಾಕಿ ಮನೆಗೆ ತರುವ ಚಟ ನಮ್ಮಪ್ಪನದು. ಅವ್ವ ಅದಕ್ಕೆ ಬೈಯುತ್ತ ಬಂದು ಮೂವತ್ತು ವರ್ಷವಾಯಿತು. ಡಬ್ಬಿ ತಂದುಕೊಟ್ಟೆ. ಅವರು ಅದನ್ನು ಪಕ್ಕಕ್ಕಿಟ್ಟು ಹೌಸಿಂಗಿನ ಹಿಂದಿನ ಮುಚ್ಚಳ ತೆಗೆದರು. ಕೆಳಗಿದ್ದ ಆಯಸ್ಕಾಂತದ ಮೇಲೆ ಬೂದು ಬಣ್ಣದ ಲೋಳೆ ಇತ್ತು. ಅಷ್ಟು ಇರುವುದೇ, ಚೂರುಗಳಿದ್ದರೆ ಚಿಂತೆ. ಡಯಲ್ ಗೇಜ್ ಹಚ್ಚಿ ಪ್ಲೇ ನೋಡಿದರು. ಪಿನಿಯನ್ನು ಅಲುಗದಂತೆ ಹಿಡಿದು ಕ್ರೌನನ್ನು ಅತ್ತಿತ್ತ ಆಡಿಸಿದಾಗ ಸಿಗುವ ಸಡಿಲವೇ ಪ್ಲೇ. ಇಂಥ ಗಾಡಿಗಳಲ್ಲಿ ಅದು ಸಾಮಾನ್ಯವಾಗಿ 0.13ರಿಂದ 0.20 ಮಿಲಿಮೀಟರ್, ಒಂದೆರಡು ಹಾಳೆ ಕಾಗದದ ದಪ್ಪ. ನಮ್ಮದು ನಾಲ್ಕೂ ಕಡೆ 0.18 ಇತ್ತು. ಪ್ಲೇ ಸರಿಯಿದೆ, ಕ್ರೌನು ನೆಟ್ಟಗಿದೆ. ಮೊದಲ ಮಿಸ್ತ್ರಿ ಪ್ಲೇ ನೋಡಿಯೇ ಕಟ್ಟಿದ್ದಾನೆ, ಅಲ್ಲಿಗೇ ನಿಲ್ಲಿಸಿದ್ದಾನೆ.

ಪ್ಲೇ ಸರಿಯಿದ್ದರೆ ಎಲ್ಲ ಸರಿ ಎನ್ನುವ ನಂಬಿಕೆಯೇ ಇಲ್ಲಿ ಮೋಸ ಮಾಡುವುದು. ಪಿನಿಯನ್ನು ಎಷ್ಟೇ ಹಿಂದೆ ಇರಲಿ, ಕ್ರೌನನ್ನು ಅದರ ಹತ್ತಿರಕ್ಕೆ ಸರಿಸಿ ಪ್ಲೇ ಸರಿಮಾಡಿಬಿಡಬಹುದು. ಅಂಕಿ ಸರಿಯಾಗುತ್ತದೆ, ಕಚ್ಚುವ ಜಾಗ ಸರಿಯಾಗುವುದಿಲ್ಲ. ಜಾಗ ತೋರಿಸುವುದು ಬಣ್ಣ ಒಂದೇ.

ಅವರು ಚಿತ್ರ ಬರೆಯುವ ಎಣ್ಣೆಬಣ್ಣದ ಹಳದಿ ಟ್ಯೂಬನ್ನು ತುಸು ಗ್ರೀಸಿನಲ್ಲಿ ಕಲಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಕ್ರೌನಿನ ನಾಲ್ಕೈದು ಹಲ್ಲಿನ ಎರಡೂ ಮೈಗೆ ತೆಳ್ಳಗೆ ಬಳಿದರು. ಹಿಂದೆ ಇದಕ್ಕೆ ಎಣ್ಣೆಯಲ್ಲಿ ಕಲಸಿದ ಸಿಂಧೂರ ಬಳಸುತ್ತಿದ್ದರಂತೆ. ಫ್ಲ್ಯಾಂಜಿಗೆ ಗೋಣಿಚೀಲ ಸುತ್ತಿ ನನ್ನ ಕೈಗೆ ಕೊಟ್ಟು "ಬಿಗಿ ಹಿಡೀರಿ, ಬಿಡಬ್ಯಾಡ್ರಿ" ಎಂದರು. ಹೀಗೆ ತಡೆ ಕೊಡದೆ ಸುಮ್ಮನೆ ತಿರುಗಿಸಿದರೆ ಬಣ್ಣದ ಮೇಲೆ ಗುರುತು ಸ್ಪಷ್ಟವಾಗಿ ಮೂಡುವುದಿಲ್ಲ. ಕ್ರೌನನ್ನು ಮುಂದಕ್ಕೆ ಎರಡು ಸುತ್ತು, ಹಿಂದಕ್ಕೆ ಎರಡು ಸುತ್ತು ತಿರುಗಿಸಿ ಟಾರ್ಚ್ ಬಿಟ್ಟರು.

ಹಲ್ಲಿನ ಮೇಲೆ ಎರಡು ಗುರುತುಗಳಿದ್ದವು. ಹಲ್ಲಿನ ಎತ್ತರದ ನಟ್ಟನಡುವೆ, ಹಳದಿಯ ಅಡಿಯಿಂದಲೂ ಕಾಣುವಷ್ಟು ಕನ್ನಡಿಯಂತೆ ಹೊಳೆಯುವ ಒಂದು ಉದ್ದ ಪಟ್ಟಿ. ಅದು ಎಷ್ಟೋ ವರ್ಷ ಈ ಗೇರು ಕಚ್ಚಿ ಓಡಿದ ಜಾಗ, ಅದರ ಮನೆ. ಅದಕ್ಕಿಂತ ಮೇಲೆ, ಹಲ್ಲಿನ ತುದಿಗೆ ಅಂಟಿಕೊಂಡಂತೆ, ಹಳದಿ ಈಗಷ್ಟೇ ಅಳಿಸಿಹೋದ ಸಣ್ಣ ಕಲೆ, ಕುಸುಬಿ ಕಾಳಿನಂತೆ ಒಂದು ತುದಿ ಚೂಪಾದದ್ದು. ಅದು ಗೇರು ಈಗ ಕಚ್ಚುತ್ತಿರುವ ಜಾಗ. ಇನ್ನೊಂದು ಮೈಯ ಮೇಲೂ ಅದೇ ಕಥೆ. ಇಡೀ ಹಲ್ಲು ಹೊರಬೇಕಾದ ನಿಂಬೆಯ ಭಾರವನ್ನು ತುದಿಯ ಆ ಕಾಳಿನಷ್ಟು ಜಾಗ ಹೊರುತ್ತಿತ್ತು. ಕೂಗದೆ ಏನು ಮಾಡೀತು?

ಓದುವ ಕ್ರಮ ಹೀಗೆ. ಕಲೆ ಎರಡೂ ಮೈಯಲ್ಲಿ ಹಲ್ಲಿನ ತುದಿಗೆ ಏರಿದ್ದರೆ ಪಿನಿಯನ್ನು ಕ್ರೌನಿನ ನಡುವಿನಿಂದ ದೂರ ಉಳಿದಿದೆ. ಬುಡಕ್ಕೆ ಇಳಿದಿದ್ದರೆ ಅತಿಯಾಗಿ ಒಳಗೆ ಬಂದಿದೆ. ಇದನ್ನು ತಿದ್ದುವುದು ಪಿನಿಯನ್ನಿನ ಶಿಮ್, ಅಂದರೆ ಅಂತರ ಹೊಂದಿಸಲು ನಡುವೆ ಹಾಕುವ ತೆಳು ಉಂಗುರ. ಎತ್ತರ ಸರಿಯಿದ್ದು ಕಲೆ ಹಲ್ಲಿನ ಉದ್ದದಲ್ಲಿ ಒಳತುದಿಗೆ ಸರಿದಿದ್ದರೆ ಪ್ಲೇ ಕಡಿಮೆ, ಹೊರತುದಿಗೆ ಸರಿದಿದ್ದರೆ ಪ್ಲೇ ಹೆಚ್ಚು. ಇದನ್ನು ತಿದ್ದುವುದು ಕ್ರೌನಿನ ಅಕ್ಕಪಕ್ಕದ ಶಿಮ್‌ಗಳು. ಮೊದಲು ಎತ್ತರ, ಆಮೇಲೆ ಉದ್ದ. ತಿರುವುಮುರುವಾಗಿ ಹೊರಟರೆ ಸಂಜೆಯಾದರೂ ಮುಗಿಯುವುದಿಲ್ಲ.

ಹಿರಿಯರು ಆಗ ಡಬ್ಬಿಗೆ ಕೈಹಾಕಿ ಹಳೆಯ ಪಿನಿಯನ್ ಬೇರಿಂಗನ್ನು ತೆಗೆದು, ಬಟ್ಟೆಯಿಂದ ಒರೆಸಿ, ಉಗುರಿನಿಂದ ಅದರ ಮುಖ ಕೆರೆದರು. ಒಂದು ತೆಳು ಉಂಗುರ ಎದ್ದುಬಂತು. ಪಿನಿಯನ್ನಿನ ತಲೆಗೂ ಬೇರಿಂಗಿಗೂ ನಡುವೆ ಕೂಡಬೇಕಾದ ಶಿಮ್. ಕರಿ ಎಣ್ಣೆಯಲ್ಲಿ ಬೇರಿಂಗಿನದೇ ಮೈಯಂತೆ ಅಂಟಿಕೊಂಡು ಅದರ ಜೊತೆಗೇ ಹೊರಬಂದಿತ್ತು. ಮೈಕ್ರೋಮೀಟರಿನಲ್ಲಿ 0.20 ಮಿಲಿಮೀಟರ್. ಪಿನಿಯನ್ನು ಅಷ್ಟೇ ಹಿಂದೆ ಸರಿದಿತ್ತು.

ಶಿಮ್ ಕಳೆಯದಿದ್ದರೂ ಇಂಥದ್ದು ಆಗಬಹುದು. ಹೊಸ ಬೇರಿಂಗಿನ ದಪ್ಪ ಹಳೆಯದಕ್ಕಿಂತ ಮಿಲಿಮೀಟರಿನ ಕೆಲವು ನೂರನೇ ಭಾಗ ಹೆಚ್ಚುಕಡಿಮೆ ಇರುತ್ತದೆ. ಹೊಸ ಗೇರು ಅದನ್ನು ಸಹಿಸೀತು, ಒಂದೇ ಜಾಗದಲ್ಲಿ ಸವೆದು ಪಳಗಿದ ಹಳೆಯ ಗೇರು ಸಹಿಸುವುದು ಕಷ್ಟ. ಅದಕ್ಕೇ ಹಳೆಯ ಕ್ರೌನ್-ಪಿನಿಯನ್ ಉಳಿಸಿಕೊಂಡು ಬೇರಿಂಗು ಮಾತ್ರ ಬದಲಿಸುವವರು ಬಿಚ್ಚುವ ಮೊದಲೇ ಒಮ್ಮೆ ಬಣ್ಣ ಬಳಿದು ಫೋಟೋ ತೆಗೆದಿಟ್ಟುಕೊಳ್ಳಬೇಕು. ಐದು ನಿಮಿಷದ ಕೆಲಸ. ಕ್ರೌನನ್ನೋ ಪಿನಿಯನ್ನನ್ನೋ ಒಂದನ್ನೇ ಬದಲಿಸುವ ಯೋಚನೆಯನ್ನಂತೂ ಬಿಟ್ಟುಬಿಡಿ. ಎರಡನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ.

ಶಿಮ್ ವಾಪಸ್ ಕೂತಿತು. ಪಿನಿಯನ್ನು ಒಳಗೆ ಬಂದದ್ದರಿಂದ ಪ್ಲೇ ಕಡಿಮೆಯಾಯಿತು, ಕ್ರೌನನ್ನು ಅಷ್ಟು ದೂರ ಸರಿಸಿದರು. ಹೊಸ ಸ್ಪೇಸರು, ಹೊಸ ನಟ್ಟು, ಕೊಕ್ಕೆ ತಕ್ಕಡಿ. ಮತ್ತೆ ಹಳದಿ ಬಳಿದಾಗ ಕಲೆ ಹೊಳೆಯುವ ಪಟ್ಟಿಯ ಮೇಲೇ ಬಂದು ಕೂತಿತ್ತು. ಮೊದಲ ದಿನ 25 ಕಿಲೋಮೀಟರ್ ಮೆಲ್ಲಗೆ ಓಡಿಸಿ ಹೌಸಿಂಗ್ ಪೂರ್ತಿ ಆರಲು ಬಿಡಿ, ವಾರವೊಂದು ಭಾರ ಹೇರಬೇಡಿ ಎಂದರು. ಹೊಸ ಬೇರಿಂಗಿಗೂ ಕಚ್ಚುವ ಜಾಗ ಬದಲಾದ ಗೇರಿಗೂ ಅದು ಒಳ್ಳೆಯದೇ.

ಝಳಕಿಯವರೆಗೆ ಹೋಗಿಬಂದೆವು. ಗುಂಯ್ ಹೋಗಿತ್ತು, ಆದರೆ ಪೂರ್ತಿ ಅಲ್ಲ. ತಪ್ಪು ಜಾಗದಲ್ಲಿ ಓಡಿದ ಆ 600 ಕಿಲೋಮೀಟರಿನಲ್ಲಿ ಹಲ್ಲಿನ ತುದಿ ತುಸು ಸವೆದಿತ್ತು, ಅದನ್ನು ಯಾವ ಶಿಮ್ಮೂ ತುಂಬಿಕೊಡುವುದಿಲ್ಲ. 55ರ ಹತ್ತಿರ, ಕಾಲನ್ನು ಒತ್ತಿಯೂ ಒತ್ತದಂತೆ ಇಟ್ಟಾಗ, ಸಣ್ಣಗೆ ಒಂದು ಶ್ರುತಿ ಈಗಲೂ ಕೇಳುತ್ತದೆ. ತಮ್ಮ ಪಕ್ಕದಲ್ಲಿದ್ದರೆ ಅದನ್ನೇ ಷಡ್ಜ ಹಿಡಿದು ವಚನ ಶುರುಮಾಡುತ್ತಾನೆ. ನಾನು ಕಿಟಕಿ ಇಳಿಸುತ್ತೇನೆ.